ಕಾರ್ಡಿನ ತಪ್ಪು

ಗೆರೆ ಇವತ್ತೂ ಬಾಗಿತ್ತು. ಪಾಸ್‌ಪೋರ್ಟ್ ಅಳತೆಯ ಫೋಟೊ ಕಂಪ್ಯೂಟರಿನಲ್ಲಿ ತೆರೆದಿತ್ತು, ಯಾವುದೋ ಶಾಲೆಯ ಮೇಷ್ಟ್ರದು. ಹಿಂದಿನ ಬಿಳಿ ಪರದೆ ಸ್ವಲ್ಪ ಸರಿದು ಎಡಕ್ಕೆ ಕಿಟಕಿಯ ಚೌಕಟ್ಟು ಬಿದ್ದುಬಿಟ್ಟಿತ್ತು, ಅದನ್ನು ಅಳಿಸಬೇಕಿತ್ತು. ಅಳಿಸುವ ಮೊದಲು ಅವನು ಚೌಕಟ್ಟಿನ ಅಂಚನ್ನು ನೋಡಿದ. ಮೇಲಿಂದ ನೆಟ್ಟಗೆ ಇಳಿದು ಬಂದ ಅಂಚು ಅವನು ದಿಟ್ಟಿಸುತ್ತಿದ್ದ ಜಾಗದಲ್ಲಿ, ಯಾರೋ ಬೆರಳಿನಿಂದ ಒತ್ತಿದ ಹಾಗೆ ಒಳಕ್ಕೆ ಬಾಗಿ, ಅದನ್ನು ದಾಟಿದ ಮೇಲೆ ಮತ್ತೆ ನೆಟ್ಟಗಾಗುತ್ತಿತ್ತು. ನೋಟ ಕೆಳಗಿಳಿಸಿದರೆ ಬಾಗೂ ಜೊತೆಗೇ ಕೆಳಗಿಳಿಯುತ್ತಿತ್ತು. ಇದನ್ನು ಅವನು ಗಮನಿಸಿರಲಿಲ್ಲ ಎನ್ನುವಂತಿಲ್ಲ. ಗಮನಿಸಿ, ಬದಿಗೆ ಎತ್ತಿಟ್ಟಿದ್ದ. ಮೇಷ್ಟ್ರ ಮೂಗಿನ ಮೇಲೆ ಬೂದುಬಣ್ಣದ ಒಂದು ಮಸುಕು ಕೂತಿತ್ತು. ಮೂಗನ್ನು ನೋಡಿದರೆ ಮೂಗು ಕಾಣದು. ಕಿವಿಯನ್ನು ನೋಡಿದರೆ ಮೂಗು ಮೆಲ್ಲಗೆ ಮರಳಿ ಬರುವುದು. ಮೇಜಿನ ಕೆಳಗೆ ಕಂಪ್ಯೂಟರಿನ ಡಬ್ಬ ಗೊರಗುಟ್ಟುತ್ತಿತ್ತು. ಅದರೊಳಗೆ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡಿಗೆ ಎಂಟು ವರ್ಷ. ಏಳು ವಾರದಿಂದ ಅವನು ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟಿದ್ದ. ಹೊಸ ಕಾರ್ಡು ಬಂದಿದೆ, ಮಧ್ಯಾಹ್ನ ಒಂದು ಗಂಟೆಯವರೆಗೆ ಇಟ್ಟಿರುತ್ತೇನೆ, ಆಮೇಲೆ ಬೇರೆಯವರು ಕಾದಿದ್ದಾರೆ ಎಂದು ಬೆಳಿಗ್ಗೆ ಎಂಟಕ್ಕೇ ಅಂಗಡಿಯಾಕೆಯ ಫೋನು ಬಂದಿತ್ತು. ಹೂಂ ಎಂದಿದ್ದ. ಬರುತ್ತೇನೆ ಎಂದಿರಲಿಲ್ಲ. ಕಾರ್ಡು ಹಾಕಿಸಬಹುದು, ಅದು ದೊಡ್ಡ ವಿಷಯವಲ್ಲ. ಹಾಕಿಸಿದ ಮೇಲೂ ಗೆರೆ ಬಾಗಿಯೇ ಇದ್ದರೆ ಆಮೇಲೆ ಯಾರ ಮೇಲೆ ಹಾಕುವುದು? ಹಳೆಯ ಕಾರ್ಡು ಡಬ್ಬದಲ್ಲಿ ಇರುವಷ್ಟು ದಿನ ಅವನಿಗೊಬ್ಬ ಆರೋಪಿ ಇದ್ದ.

ಕುರ್ಚಿಯಲ್ಲಿ ಕೂತ ಕೂಡಲೇ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅದು ಕಸುಬಿನ ಅಭ್ಯಾಸ. ಹದಿನೇಳನೇ ವಯಸ್ಸಿನಲ್ಲಿ ಸ್ಟುಡಿಯೊ ಸೇರಿದಾಗ ಇನ್ನೂ ನೆಗೆಟಿವ್ ಕಾಲ. ಇಳಿಜಾರು ಗಾಜಿನ ಮೇಜು, ಅದರ ಕೆಳಗೊಂದು ದೀಪ, ಗಾಜಿನ ಮೇಲೆ ನೆಗೆಟಿವ್ ಇಟ್ಟು ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಮೊಡವೆ, ಕಲೆ, ಸುಕ್ಕು ತುಂಬುವ ಕೆಲಸ. ಬಲಗಣ್ಣಿಗೆ ಭೂತಗನ್ನಡಿ, ಎಡಗಣ್ಣು ಮುಚ್ಚಿರಬೇಕು. ಎರಡೂ ತೆರೆದರೆ ಯಜಮಾನ ಹಿಂದಿನಿಂದ ಬಂದು ತಲೆಗೊಂದು ಮೊಟಕುತ್ತಿದ್ದ. "ಎರಡು ಕಣ್ಣು ಬಿಟ್ಕೊಂಡು ನೋಡೋಕೆ ಇದೇನು ಸಿನಿಮಾನಾ? ಒಂದು ಕೆಲಸಕ್ಕೆ ಒಂದು ಕಣ್ಣು ಸಾಕು. ಇನ್ನೊಂದನ್ನ ಸಂಸಾರಕ್ಕೆ ಇಟ್ಕೋ." ಟಚಿಂಗ್ ಮಾಡುವವನಾದ್ದರಿಂದ ಆವತ್ತಿನಿಂದ ಎಲ್ಲರ ಬಾಯಲ್ಲೂ ಅವನು ಟಚ್ಚಪ್ಪ. ನೆಗೆಟಿವ್ ಹೋಯಿತು, ಯಜಮಾನ ಹೋದ, ಸ್ಟುಡಿಯೊ ಇದ್ದ ಜಾಗದಲ್ಲಿ ಚಪ್ಪಲಿ ಅಂಗಡಿ ಬಂತು, ಪೆನ್ಸಿಲು ಹೋಗಿ ಮೌಸು ಬಂತು. ಎಡಗಣ್ಣಿಗೆ ಮಾತ್ರ ಈ ಸುದ್ದಿ ಯಾರೂ ಹೇಳಲಿಲ್ಲ. ಈಗ ಮನೆಯ ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ಮೂರು ಸ್ಟುಡಿಯೊದವರು ಫೋಟೊ ಕಳಿಸುತ್ತಾರೆ, ಅವನು ಮುಖ ತೊಳೆದು, ಬೆನ್ನು ನೆಟ್ಟಗೆ ಮಾಡಿ, ಹರಿದ ಹಳೆಯ ಫೋಟೊ ಕೂಡಿಸಿ ಪ್ರಿಂಟು ತೆಗೆಯುವ ಲ್ಯಾಬಿಗೆ ಕಳಿಸುತ್ತಾನೆ. ಸತ್ತವರ ಕೊರಳಿಗೆ ಇಲ್ಲದ ಕಾಲರ್ ಹೊಲಿದುಕೊಟ್ಟಿದ್ದಾನೆ. ಒಂದೇ ಫೋಟೊದಲ್ಲಿ ಎಂದೂ ನಿಲ್ಲದಿದ್ದ ಅಣ್ಣತಮ್ಮಂದಿರನ್ನು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿದ್ದಾನೆ. ಇದೆಲ್ಲ ಒಂದೇ ಕಣ್ಣಿನಲ್ಲಿ.

ಕಾರ್ಡಿನ ವಿರುದ್ಧ ಸಾಕ್ಷಿ ಇಲ್ಲದಿರಲಿಲ್ಲ. ಅದರ ಫ್ಯಾನು ಮುದುಕನ ಗಂಟಲಿನಂತೆ ಸದ್ದು ಮಾಡುತ್ತಿತ್ತು. ಎರಡು ವರ್ಷದ ಹಿಂದೆ ಒಮ್ಮೆ ಮದುಮಗಳ ಮುಖ ಇದ್ದಕ್ಕಿದ್ದಂತೆ ಹಸಿರಾಗಿ, ಡಬ್ಬ ಆರಿಸಿ ಹಾಕಿದ ಮೇಲೆ ಸರಿಹೋಗಿತ್ತು. ಫೋಟೊ ತಿದ್ದುವ ತಂತ್ರಾಂಶದ ಹೊಸ ಆವೃತ್ತಿ, ಈ ಕಾರ್ಡಿನ ಮೇಲೆ ನಾನು ನಡೆಯುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿತ್ತು. ಇಷ್ಟು ಸಾಕಿತ್ತು ಒಬ್ಬ ಮನುಷ್ಯ ಹೊಸದು ಕೊಳ್ಳುವುದಕ್ಕೆ. ಆದರೆ ಕಾರ್ಡಿನ ಪರದ ಸಾಕ್ಷಿಗಳೂ ಒಂದೊಂದಾಗಿ ಕರೆಯದೆಯೇ ಬಂದು ನಿಲ್ಲುತ್ತಿದ್ದವು. ಹೋದ ವಾರ ಕುರ್ಚಿಯಲ್ಲಿ ಕೂತಲ್ಲೇ ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ನೋಡಿದ. ಮೊಬೈಲಿನಲ್ಲೂ ಗೆರೆ ಬಾಗಿತ್ತು. ಕಂಡದ್ದನ್ನು ತಾನೇ ಕ್ಯಾಮೆರಾ ತೆಗೆಯುವುದು ಎಂದು ಸಮಾಧಾನ ಹೇಳಿಕೊಂಡ. ಮೊನ್ನೆ ಬಚ್ಚಲಿನಲ್ಲಿ, ಸೋಪು ಹೋದ ಬಲಗಣ್ಣನ್ನು ತೊಳೆದು ಎಡಗಣ್ಣಿನ ಮೇಲೆ ಟವೆಲು ಒತ್ತಿಕೊಂಡು ನಿಂತಿದ್ದಾಗ, ಗೋಡೆಯ ಟೈಲ್ಸಿನ ಸಂದು ಅಲೆಯಂತೆ ಕಂಡಿತು. ಇವತ್ತಿನ ಕಾಲದ ಗಾರೆಯವರಿಗೆ ಕೈಯಿಲ್ಲ ಎಂದುಕೊಂಡ. ಗಾರೆಯವನ ಮಗನಾಗಿ ಹಾಗೆನ್ನುವ ಹಕ್ಕು ಅವನಿಗಿತ್ತು. ಟೈಲ್ಸ್ ಹಾಕಿ ಹನ್ನೊಂದು ವರ್ಷವಾಗಿದೆ, ಹನ್ನೊಂದು ವರ್ಷ ನೆಟ್ಟಗಿದ್ದದ್ದು ಮೊನ್ನೆ ಯಾಕೆ ಬಾಗಿತು ಎಂದು ಮನಸ್ಸು ಕೇಳುವ ಮುಂಚೆ ಟವೆಲು ಹೆಗಲಿಗೆ ಹಾಕಿಕೊಂಡು ಆಚೆ ಬಂದುಬಿಟ್ಟಿದ್ದ.

ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಹೆಂಡತಿಯ ಹೊಲಿಗೆ ಮಷೀನು. ಬೇರೆಯವರ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ, ಅಂಚು ಮಡಿಸಿ ಕೊಡುವುದು ಅವಳ ಕೆಲಸ. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂತು ದಿನವಿಡೀ ಜನರನ್ನು ತಿದ್ದುತ್ತಿದ್ದರು. ನಲವತ್ತು ದಾಟಿದ ಮೇಲೆ ಅವಳಿಗೆ ಹತ್ತಿರದ್ದು ಮಸುಕು. ಬೆಳಿಗ್ಗೆ ಕೆಲಸ ಶುರುಮಾಡುವ ಮುಂಚೆ ಸೂಜಿಗೆ ದಾರ ಪೋಣಿಸಿಕೊಡುವುದು ಇಷ್ಟು ವರ್ಷವೂ ಅವನ ಪಾಲಿನದಾಗಿತ್ತು. ಹೇಳುವುದು ಕೇಳುವುದು ಇರಲಿಲ್ಲ. ಅವಳು ದಾರದ ತುದಿ ಹಿಡಿದು ಕೈ ಹಿಂದಕ್ಕೆ ಚಾಚಿದರೆ ಇವನು ಎದ್ದು ಬಂದು ಪೋಣಿಸಬೇಕು. ಈಚೆಗೆ ಅವಳ ಕೈ ಹಿಂದಕ್ಕೆ ಚಾಚುತ್ತಿಲ್ಲವೆಂದು ಅವನಿಗೆ ಇವತ್ತು ಹೊಳೆಯಿತು. ತಿರುಗಿ ನೋಡಿದರೆ ಅವಳು ತಗಡಿನ ಒಂದು ಪುಟ್ಟ ಬಿಲ್ಲೆಯ ತುದಿಯ ತಂತಿಯನ್ನು ಸೂಜಿಯ ಕಣ್ಣಿಗೆ ತೂರಿಸಿ ದಾರ ಎಳೆಯುತ್ತಿದ್ದಳು.

"ಇದು ಯಾವಾಗ ತಂದೆ?"

"ತಿಂಗಳಾಯ್ತು. ನಿಮ್ಮನ್ನ ಕರೆದರೆ ಹತ್ತು ಸಲ ಸೂಜಿಗೆ ಚುಚ್ಚಿ, ಹನ್ನೊಂದನೇ ಸಲ ನನ್ನ ಬೆರಳಿಗೆ ಚುಚ್ತೀರಿ. ನನ್ನ ಬೆರಳು ನನಗೆ ಬೇಕಲ್ಲ." ಅವಳು ದಾರ ಕಚ್ಚಿ ತುಂಡರಿಸಿದಳು. "ಅದಿರಲಿ, ಆ ಕಾರ್ಡು ತರ್ತೀರೋ ಇಲ್ವೋ? ಎಷ್ಟು ದಿನ ಅಂತ ಮೀನಮೇಷ ಎಣಿಸ್ತಾ ಕೂತಿರ್ತೀರಿ?"

"ನೋಡ್ಬೇಕು. ಹಳೇದೂ ಅಷ್ಟೇನು ಕೆಟ್ಟಿಲ್ಲ."

"ನಿನ್ನೆ ಅದಕ್ಕೆ ಅಷ್ಟೊಂದು ಬೈದ್ರಿ, ಪಕ್ಕದ ಮನೆಯವರು ನನ್ನನ್ನ ಬೈತಿದ್ದೀರಿ ಅಂದ್ಕೊಂಡ್ರು. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ನೆಲ ಬದಲಾಯಿಸಿ ನೋಡಿ, ಆಮೇಲೆ ಗೊತ್ತಾಗುತ್ತೆ ಯಾರ ಕಾಲು ಅಂತ."

ಅವಳು ನಗುತ್ತಲೇ ಮಷೀನು ತುಳಿಯತೊಡಗಿದಳು. ಅವಳದು ಬರೀ ಬಾಯಿಮಾತು. ಆದರೆ ಅವನ ಕೈ ಮೌಸಿನ ಮೇಲೆ ನಿಂತುಹೋಯಿತು. ಆ ಗಾದೆಯನ್ನು ಕೊನೆಯ ಸಲ ಈ ಮನೆಯಲ್ಲಿ ಆಡಿದವನು ಅವನೇ, ಅಮ್ಮನಿಗೆ. ಅಮ್ಮ ಒಂದು ಬೆಳಿಗ್ಗೆ ಒಳಬಾಗಿಲ ಎದುರು ನಿಂತು, "ಚೌಕಟ್ಟು ಡೊಂಕಾಗಿದೆ ಕಣೋ" ಎಂದಿದ್ದಳು. "ನಿಮ್ಮಪ್ಪ ಕೂರಿಸಿದ ಬಾಗಿಲು. ಹೀಗಾಗೋ ಹಾಗೇ ಇಲ್ಲ." ದಿನವೂ ಅದೇ ಮಾತು. ಬಂದವರ ಮುಂದೆಲ್ಲ ಅದೇ ಮಾತು. ಅಪ್ಪ ತೀರಿಕೊಂಡು ಆಗ ಮೂರು ವರ್ಷ. ಅಪ್ಪನ ಕೆಲಸದ ಮೇಲೆ ಆಡುವ ಮಾತು ಅವನಿಗೆ ಸಹಿಸಲಾಗಲಿಲ್ಲ. ಒಂದು ಭಾನುವಾರ, ಚಿಕ್ಕಮ್ಮ, ಅವಳ ಮಕ್ಕಳು, ಎದುರುಮನೆಯವರು ಎಲ್ಲ ಕೂತಿದ್ದಾಗ ಅಟ್ಟದಿಂದ ಅಪ್ಪನ ತೂಗುಗುಂಡು ತಂದ. ಹಿತ್ತಾಳೆಯ ಗುಂಡು, ಕೆಳಗೆ ಚೂಪು, ಮೇಲೆ ದಾರ. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗಾರೆಯವರು ಇಳಿಬಿಡುವಂಥದು. ಚೌಕಟ್ಟಿನ ನೆತ್ತಿಗೆ ಮೊಳೆ ಹೊಡೆದು ಅದನ್ನು ಇಳಿಬಿಟ್ಟು, ಕೈಯಿಂದ ಹಿಡಿದು ನಿಲ್ಲಿಸಿ, "ಈಗ ಹೇಳಮ್ಮ, ಎಲ್ಲಿದೆ ಡೊಂಕು? ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ" ಎಂದ. ಅಮ್ಮ ಬಹಳ ಹೊತ್ತು ನೋಡಿದಳು. ಒಂದು ಕಣ್ಣನ್ನು ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು. ಆಮೇಲೆ, "ಗುಂಡು ಸರಿಯಾಗೇ ಇದೆ ಕಣಪ್ಪ. ದಾರ ಡೊಂಕು" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ. ತೂಗುಗುಂಡಿನ ದಾರ ಡೊಂಕಂತೆ! ಎಷ್ಟೋ ತಿಂಗಳು ಅದೊಂದು ಮನೆಯ ತಮಾಷೆಯಾಗಿತ್ತು. ಯಾರಾದರೂ ತಪ್ಪು ಒಪ್ಪದಿದ್ದರೆ, ಹೌದಪ್ಪ, ದಾರ ಡೊಂಕು ಎನ್ನುವುದು. ಅಮ್ಮ ಮತ್ತೆ ಬಾಗಿಲಿನ ಮಾತೆತ್ತಲಿಲ್ಲ. ಹಿಡಿಯೆಂದು ಬಿಸಿ ಪಾತ್ರೆಯ ಮೈಯನ್ನೇ ಹಿಡಿದು ಕೈ ಸುಟ್ಟುಕೊಂಡ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು. ಆ ಡಾಕ್ಟರು ಕೂಗಾಡುವವರಲ್ಲ. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ನೀರೂರಿ ಗಾಯ ಕಟ್ಟಿದೆ ಎಂದರು. "ಗೆರೆ ಬಾಗಿ ಕಾಣೋಕೆ ಶುರುವಾದಾಗಲೇ ಕರ್ಕೊಂಡು ಬಂದಿದ್ರೆ ಏನಾದ್ರೂ ನೋಡಬಹುದಿತ್ತು. ಇವರು ಮನೇಲಿ ಏನೂ ಹೇಳಲಿಲ್ವಾ?" ಎಂದು ಕೇಳಿದರು. ಅಮ್ಮ ಅವನ ಕಡೆ ತಿರುಗಿ, "ಇಲ್ಲ, ನಾನೇ ಹೇಳಲಿಲ್ಲ" ಎಂದಳು. ಕೊನೆಯ ವರ್ಷಗಳಲ್ಲಿ ಮಾತಾಡಿಸಿದವರ ಕಿವಿಯನ್ನು ನೋಡುತ್ತಾ ಮಾತಾಡುತ್ತಿದ್ದಳು. ಕಿವಿ ನೋಡಿದರೆ ಮುಖ ಸ್ವಲ್ಪ ಸಿಕ್ಕುತ್ತದೆ ಎನ್ನುತ್ತಿದ್ದಳು. ಮೇಷ್ಟ್ರ ಕಿವಿಯ ಮೇಲಿಂದ ಅವನು ನೋಟವನ್ನು ಕಿತ್ತು ಕಂಪ್ಯೂಟರ್ ಆರಿಸಿದ.

"ಹೋಗಿ ಬರ್ತೀನಿ" ಎಂದ. ಹೆಂಡತಿ ಹಳೆಯ ಹೊದಿಕೆ ಕೊಟ್ಟಳು, ಡಬ್ಬವನ್ನು ಅದರಲ್ಲಿ ಸುತ್ತಿ ಗಂಟು ಹಾಕಿದಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪಕ್ಕದಲ್ಲಿ ಕೂತ ಹೆಂಗಸು, ಮಗು ಮಲಗಿದೆಯೇನೋ ಎಂದು ಜಾಗ ಬಿಟ್ಟು ಕೂತು, ಗಂಟಿನ ಸಂದಿಯಿಂದ ವೈರು ಕಂಡ ಮೇಲೆ ಮತ್ತೆ ಒತ್ತಿಕೊಂಡು ಕೂತಳು. ಕಿಟಕಿಯಾಚೆ ಅಂಗಡಿಗಳ ಫಲಕಗಳು ಹಾಯುತ್ತಿದ್ದವು. ಎಲ್ಲವನ್ನೂ ಓದಿದ, ಎಲ್ಲವೂ ಓದಿಗೆ ಸಿಕ್ಕಿದವು. ನೋಡು, ಕಣ್ಣು ಸರಿಯಾಗೇ ಇದೆ ಎಂದು ಒಳಗಿನ ವಕೀಲ ಹೇಳಿದ. ಎರಡೂ ಕಣ್ಣು ತೆರೆದು ಓದುತ್ತಿದ್ದೀಯ ಎಂದು ಇನ್ನೊಬ್ಬ ಹೇಳಿದ. ಒಂದನ್ನು ಮುಚ್ಚಿ ನೋಡಬಹುದಿತ್ತು. ನೋಡಲಿಲ್ಲ. ಬದಲಿಗೆ ಬಾಗಿಲಿನ ಫೋಟೊ ನೆನಪಾಯಿತು. ಒಂದು ಮನೆಯವರ ಮದುವೆಯ ಹಳೆಯ ಫೋಟೊ, ನಡುವೆ ಹರಿದಿತ್ತು. ಗಂಡು ಹೆಣ್ಣು ಬಾಗಿಲಲ್ಲಿ ನಿಂತಿರುವುದು. ಅವನು ಎರಡು ದಿನ ಕೂತು ಕೂಡಿಸಿದ್ದ. ಚೌಕಟ್ಟು ಬಾಗಿ ಕಂಡದ್ದರಿಂದ ಅದನ್ನೂ ಎಳೆದೆಳೆದು, ತನಗೆ ನೆಟ್ಟಗೆ ಕಾಣುವಷ್ಟು ತಿದ್ದಿದ್ದ. ನಾಲ್ಕು ದಿನದ ಮೇಲೆ ಆ ಮನೆಯ ಹಿರಿಯ ಮಗಳು ಕಟ್ಟು ಹಾಕಿಸಿದ ಫೋಟೊ ಸಮೇತ ಲ್ಯಾಬಿಗೆ ಬಂದು ನಿಂತಳು. "ಇದೇನ್ರೀ, ನಮ್ಮ ಮನೆ ಬಾಗಿಲಿಗೆ ಹೊಟ್ಟೆ ಬಂದಿದೆ! ನಮ್ಮಪ್ಪ ಅಮ್ಮ ಬಸುರಿ ಬಾಗಿಲಲ್ಲಿ ನಿಂತಿದ್ರಾ?" ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ಅವನೂ ಅಲ್ಲೇ ಇದ್ದ. ಒಂದು ಉಸಿರೂ ತೆಗೆದುಕೊಳ್ಳದೆ, "ಪ್ರಿಂಟಿನಲ್ಲಿ ಎಳೆದುಕೊಂಡಿದೆ, ನಾನು ಕಳಿಸಿದ್ದು ಸರಿಯಾಗಿತ್ತು" ಎಂದುಬಿಟ್ಟ. ಲ್ಯಾಬಿನವನು ಅವನ ಮುಖ ನೋಡಿದ, ಆಮೇಲೆ ಹೆಂಗಸಿನ ಮುಖ ನೋಡಿ, "ಹೌದಮ್ಮ, ಮಷೀನಿನ ತಪ್ಪು, ನಾಳೆ ಬೇರೆ ತೆಗೆದುಕೊಡ್ತೀನಿ" ಎಂದ. ಅವಳು ಹೋಗುವವರೆಗೂ ಬೈದಳು. ಅವನು ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಾ ನಿಂತಿದ್ದ.

ಕಂಪ್ಯೂಟರ್ ಅಂಗಡಿಯಾಕೆ ಮೂವತ್ತರ ಆಸುಪಾಸಿನವಳು, ಸ್ಕ್ರೂಡ್ರೈವರನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡೇ ಮಾತಾಡುವವಳು. ಗಂಟು ಬಿಚ್ಚಿ, ಡಬ್ಬದ ಬಾಗಿಲು ತೆಗೆದು, "ಅಯ್ಯೋ ಅಂಕಲ್, ಇದರಲ್ಲಿರೋ ಧೂಳಲ್ಲಿ ಒಂದು ತಲೆದಿಂಬು ಮಾಡಬಹುದು" ಎಂದು ಊದುವ ಯಂತ್ರ ತಂದು ಊದಿದಳು. ಹಾಕಿ ನೋಡಿದರೆ ಗೊರಗುಟ್ಟುವ ಸದ್ದು ನಿಂತಿತ್ತು. ಒಂದು ಸಾಕ್ಷಿ ಬಿದ್ದುಹೋಯಿತು. ಹಳೆಯ ಕಾರ್ಡನ್ನು ಹಾಗೆಯೇ ಬಿಟ್ಟು ತನ್ನ ದೊಡ್ಡ ಪರದೆಗೆ ಜೋಡಿಸಿ, "ಬಾಗುತ್ತೆ ಅಂದ್ರಲ್ಲ, ಏನು ಬಾಗುತ್ತೆ ತೋರಿಸಿ" ಎಂದು ಪರೀಕ್ಷೆಯ ಚಿತ್ರ ತೆರೆದಳು. ಪರದೆಯ ತುಂಬ ಬಿಳಿಯ ಮೇಲೆ ಕಪ್ಪು ಚೌಕಗಳು, ಲೆಕ್ಕದ ಪುಸ್ತಕದ ಹಾಳೆಯಂತೆ. ಅವನು ಕುರ್ಚಿ ಎಳೆದು ಕೂತ. ಎಡಗಣ್ಣು ಮುಚ್ಚಿಕೊಂಡಿತು. ನಡುವಿನ ಚೌಕಗಳು ನೀರಿನಲ್ಲಿ ಅದ್ದಿದ ಬಲೆಯಂತೆ ಸೊಟ್ಟಗಾಗಿದ್ದವು, ಒಂದೆರಡು ಇಲ್ಲವೇ ಇಲ್ಲ.

"ಅಲ್ಲಿ. ನಡುವೆ" ಎಂದ.

ಅವಳು ಬಗ್ಗಿ ನೋಡಿದಳು. "ಚೆನ್ನಾಗೇ ಇದೆಯಲ್ಲ ಅಂಕಲ್. ಕಾರ್ಡು ಕೆಟ್ಟರೆ ಚುಕ್ಕಿ ಬರುತ್ತೆ, ಬಣ್ಣ ಹೋಗುತ್ತೆ, ಪರದೆ ಕಪ್ಪಾಗುತ್ತೆ. ಬಗ್ಗಿಸೋಕೆ ಕಾರ್ಡಿಗೆ ಬರಲ್ಲ. ನೀವು ಮಾಡೋ ಕೆಲಸಕ್ಕೆ ಇದೇ ಇನ್ನೆರಡು ವರ್ಷ ಓಡುತ್ತೆ. ಮಾರೋಳು ನಾನೇ ಹೇಳ್ತಿದ್ದೀನಿ."

"ಇಲ್ಲಮ್ಮ, ನೀನು ಹೊಸದು ಹಾಕಿ ನೋಡು."

ಅವಳು ಭುಜ ಕುಣಿಸಿ ಹೊಸ ಕಾರ್ಡನ್ನು ಪೊಟ್ಟಣದಿಂದ ತೆಗೆದಳು. ಅಷ್ಟು ದೊಡ್ಡದಿರುತ್ತದೆಂದು ಅವನು ಎಣಿಸಿರಲಿಲ್ಲ. ಎರಡು ಫ್ಯಾನಿನ, ಇಟ್ಟಿಗೆಯಷ್ಟು ಭಾರದ ಕಪ್ಪು ವಸ್ತು. ಅದು ಟಕ್ಕೆಂದು ಡಬ್ಬದೊಳಗೆ ಕೂತಿತು. ಮತ್ತೆ ಪರದೆ ಬೆಳಗಿತು, ಮತ್ತೆ ಚೌಕಗಳು ಬಂದವು. ಅದೇ ಜಾಗ, ಅದೇ ಬಾಗು, ಅದೇ ಇಲ್ಲದ ಎರಡು ಚೌಕ. ಈ ಗಳಿಗೆಗಾಗಿಯೇ ಏಳು ವಾರ ತಪ್ಪಿಸಿಕೊಂಡಿದ್ದ. ಬಂದಾಗ ಅದರಲ್ಲಿ ಏನೂ ಇರಲಿಲ್ಲ. ಎದೆ ಹೊಡೆದುಕೊಳ್ಳಲಿಲ್ಲ, ಕತ್ತಲೆ ಕವಿಯಲಿಲ್ಲ. ಬಾಯಿ ಮಾತ್ರ ಅವನನ್ನು ಕೇಳದೆ, "ಈಗ ಸರಿಹೋಯ್ತು ನೋಡು" ಎಂದಿತು.

"ಮೊದಲೂ ಹೀಗೇ ಇತ್ತಲ್ಲ!"

"ಇಲ್ಲ, ಈಗ ನೆಟ್ಟಗಿದೆ. ಕಟ್ಟಿಕೊಡು, ತಗೊಂಡು ಹೋಗ್ತೀನಿ." ಮನೆಗೆ ಒಯ್ದು, ಇದನ್ನೂ ಒಂದೆರಡು ತಿಂಗಳು ಬೈಯಬಹುದು, ಆಮೇಲೆ ಪರದೆ ಹಳೆಯದೆನ್ನಬಹುದು, ಆಮೇಲೆ ಮನೆಗೆ ಬರುವ ಕರೆಂಟೇ ಸರಿಯಿಲ್ಲ ಎನ್ನಬಹುದು. ಬೈಯುವುದಕ್ಕೆ ಲೋಕದಲ್ಲಿ ವಸ್ತುಗಳು ಬೇಕಾದಷ್ಟಿದ್ದವು.

"ನಿಲ್ಲಿ, ನನಗೂ ಗೊತ್ತಾಗಲಿ. ಮೊದಲು ಎಲ್ಲಿ ಬಾಗಿತ್ತು, ಬೆರಳಿಟ್ಟು ತೋರಿಸಿ. ನಾಳೆ ಇನ್ನೊಬ್ಬರು ಬಂದು ಹೀಗೇ ಅಂದರೆ ಏನು ಹೇಳಲಿ?"

ಬೆರಳಿಡಲು ಅವನು ಕುರ್ಚಿಯಿಂದ ಏಳಬೇಕಾಯಿತು. ಕುರ್ಚಿ ಬಿಟ್ಟ ಕೂಡಲೇ ಎಡಗಣ್ಣು ಅಭ್ಯಾಸದಂತೆ ತೆರೆದುಕೊಂಡಿತು. ಬೆರಳ ತುದಿ ತಾಗಿದ ಕಡೆ ಚೌಕಗಳು ಇದ್ದವು. ಎರಡೂ ಇದ್ದವು. ಗೆರೆ ಎಳೆದ ಹಾಗೆ ನೆಟ್ಟಗಿದ್ದವು. ಅವನು ಎಡಗಣ್ಣು ಮುಚ್ಚಿದ, ಚೌಕಗಳು ಕುಸಿದವು. ತೆರೆದ, ಎದ್ದು ನಿಂತವು. ಬಲಗಣ್ಣು ಮುಚ್ಚಿದ, ನೆಟ್ಟಗೇ ನಿಂತಿದ್ದವು. ಮುಚ್ಚಿದ, ತೆರೆದ, ಮುಚ್ಚಿದ.

"ಅಂಕಲ್," ಎಂದಳು ಅಂಗಡಿಯಾಕೆ, "ಯಾರಿಗೆ ಕಣ್ಣು ಹೊಡೀತಿದ್ದೀರಿ? ನನಗೋ, ಕಾರ್ಡಿಗೋ?"

ಗಲ್ಲಾಪೆಟ್ಟಿಗೆಯ ಹತ್ತಿರ ಕಾಯುತ್ತಿದ್ದ ಇಬ್ಬರು ನಕ್ಕರು. ಅವನಿಗೆ ಕಿವಿಯವರೆಗೆ ಬಿಸಿಯೇರಿತು. ಏಳು ವಾರದಲ್ಲಿ ಯಾವಾಗ ಬೇಕಾದರೂ ಒಂದು ರೆಪ್ಪೆ ಎತ್ತಿದ್ದರೆ ಮುಗಿಯುತ್ತಿತ್ತು. ಎತ್ತಲಿಲ್ಲ. ಗೊತ್ತಿರಲಿಲ್ಲ ಎಂದು ಯಾರಿಗಾದರೂ ಹೇಳಬಹುದು, ತನಗೆ ಹೇಳಿಕೊಳ್ಳಲಾಗುವುದಿಲ್ಲ. ಮುರಿದ ಮೆಟ್ಟಿಲು ಯಾವುದೆಂದು ಮನೆಯವನ ಕಾಲಿಗೆ ಗೊತ್ತಿರುತ್ತದೆ. ಅದರ ಮೇಲೆ ಕಾಲಿಡದೆ ದಾಟುವುದೇ ಗೊತ್ತಿರುವುದರ ಗುರುತು.

"ಹಳೇದನ್ನೇ ಹಾಕಿಬಿಡಮ್ಮ" ಎಂದ.

"ಯಾಕೆ? ಈಗ ತಾನೆ ಸರಿಹೋಯ್ತು ಅಂದ್ರಿ."

"ಅದರ ತಪ್ಪಿಲ್ಲ. ಸುಮ್ಮನೆ ಬೈದೆ ಅದಕ್ಕೆ. ಕಾಯ್ತಿದ್ದೋರಿಗೆ ಹೊಸದು ಕೊಡು."

ಅವಳು ಒಂದು ಕ್ಷಣ ಅವನನ್ನೇ ನೋಡಿದಳು. ತಮಾಷೆ ಮುಖದಿಂದ ಇಳಿದಿತ್ತು. ಹಳೆಯ ಕಾರ್ಡನ್ನು ಅಂಗೈಯಲ್ಲಿ ಒರೆಸಿ ಅದರ ಜಾಗಕ್ಕೆ ಕೂರಿಸಿ, ಹೊದಿಕೆಯ ಗಂಟನ್ನು ಹೆಂಡತಿ ಹಾಕಿದ್ದಕ್ಕಿಂತ ಗಟ್ಟಿಯಾಗಿ ಹಾಕಿದಳು. ಧೂಳು ಊದಿದ್ದಕ್ಕೆ ಏನು ಕೊಡಲಿ ಎಂದರೆ, "ಗಾಳಿಗೇನು ದುಡ್ಡು ಕೊಡ್ತೀರಿ, ಹೋಗಿ ಬನ್ನಿ" ಎಂದಳು.

ಲ್ಯಾಬು ಅದೇ ಬೀದಿಯ ತುದಿಯಲ್ಲಿತ್ತು. ಅಲ್ಲಿಗೆ ಹೋಗಲೇಬೇಕೆಂದಿರಲಿಲ್ಲ, ಬಸ್ಸು ಇನ್ನೊಂದು ದಿಕ್ಕಿಗೆ. ಆದರೂ ಕಾಲುಗಳು ಅತ್ತ ನಡೆದವು. ಲ್ಯಾಬಿನವನು ಅವನ ಕೈಕೆಳಗೇ ಕಲಿತವನು, ಈಗ ಸ್ವಂತ ಮಷೀನಿಟ್ಟು ಹೊಟ್ಟೆ ಬೆಳೆಸಿದ್ದ. ಗಂಟು ಹೊತ್ತು ಬಂದವನನ್ನು ಕಂಡು, "ಏನಣ್ಣ, ಮನೆ ಬಿಟ್ಟು ಬಂದ್ರಾ? ಅತ್ತಿಗೆ ಓಡಿಸಿದ್ರಾ?" ಎಂದು ಸ್ಟೂಲು ಎಳೆದ. ಅವನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎನಿಸಿತು.

"ಆ ಬಾಗಿಲು ನಾನೇ ಬಗ್ಗಿಸಿದ್ದು ಕಣೋ. ನಿನ್ನ ಮಷೀನಲ್ಲ."

"ಗೊತ್ತು."

"ಗೊತ್ತು ಅಂದ್ರೆ?"

ಲ್ಯಾಬಿನವನು ತಲೆ ಕೆರೆದುಕೊಂಡು, ಎದುರಿನ ಕಂಪ್ಯೂಟರಿನಲ್ಲಿ ಒಂದು ಕಡತ ತೆರೆದ. ಅದರ ಹೆಸರು 'ಅಣ್ಣನ ಡೊಂಕು'. ಒಳಗೆ ಸಾಲಾಗಿ ಫೋಟೊಗಳು, ಅವನು ಕಳಿಸಿದ್ದು ಒಂದು, ಪಕ್ಕದಲ್ಲಿ ಲ್ಯಾಬಿನವನು ನೆಟ್ಟಗೆ ಮಾಡಿ ಪ್ರಿಂಟು ತೆಗೆದದ್ದು ಒಂದು. ಕುರ್ಚಿಯ ಬೆನ್ನು, ಕಿಟಕಿಯ ಸರಳು, ಅಂಗಿಯ ಗುಂಡಿಯ ಸಾಲು, ಒಬ್ಬ ಪೊಲೀಸಿನವನ ಅರ್ಧ ಮೀಸೆ. ಎಷ್ಟೆಂದು ಅವನು ಎಣಿಸಲಿಲ್ಲ. "ಒಂದೂವರೆ ತಿಂಗಳಿಂದ ಬರ್ತಿವೆ ಅಣ್ಣ. ಬಂದ ಹಾಗೆ ನೆಟ್ಟಗೆ ಮಾಡಿ ಒತ್ತುತಾ ಇದ್ದೆ. ಆ ಬಾಗಿಲು ಬಂದ ದಿನ ನಾನು ಹಲ್ಲು ಕೀಳಿಸಿಕೊಳ್ಳೋಕೆ ಹೋಗಿದ್ದೆ. ನನ್ನ ಹೆಂಡತಿ ನೋಡದೆ ಹಾಗೇ ಒತ್ತಿಬಿಟ್ಟಳು."

ಮೊದಲು ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. ತಾನು ಪೆನ್ಸಿಲು ಹಿಡಿಯಲು ಕಲಿಸಿದ ಕೈ ತನ್ನ ಬೆನ್ನ ಹಿಂದೆ ತನ್ನನ್ನೇ ತಿದ್ದುತ್ತಿತ್ತು. "ಹೇಳೋಕೇನಾಗಿತ್ತೋ ನಿನಗೆ?"

"ಎರಡು ಸಲ ಬಾಯಿ ತೆಗೆದೆ. ಒಂದು ಸಲ, ನಿನ್ನ ಮಷೀನು ತೊಳೆಯೋ ಮೊದಲು ಅಂದ್ರಿ. ಇನ್ನೊಂದು ಸಲ, ಕಾರ್ಡು ಕೆಟ್ಟಿದೆ, ಹೊಸದು ತರ್ತಿದ್ದೀನಿ ಅಂದ್ರಿ. ಸರಿ, ತರಲಿ ಅಂತ ಕಾದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಎಮ್ಮೆ ಆದ್ರೂ ಎಷ್ಟು ಅಂತ ಹೇಳುತ್ತೆ?" ಅವನು ನಕ್ಕ, ಆಮೇಲೆ ನಗು ನಿಲ್ಲಿಸಿದ. "ಅಲ್ಲದೆ ನೀವೇ ಕಲಿಸಿದ್ದಲ್ವಾ ಅಣ್ಣ. ರಿಪೇರಿ ಮಾಡಿದ್ದು ಯಾರಿಗೂ ಗೊತ್ತಾಗಬಾರದು ಅಂತ."

ಅವನು ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡ. ಆ ಹೆಂಗಸಿನಿಂದ ನಿನ್ನನ್ನು ಬೈಸಿದೆನಲ್ಲ ಎನ್ನಬೇಕೆಂದಿದ್ದ. ಅದು ಹೊರಗೆ ಬರುವಾಗ, "ಮೀಸೆ ಚೆನ್ನಾಗಿ ಮಾಡಿದ್ದೀಯ" ಎಂದಾಯಿತು. "ಆ ಹೆಂಗಸಿನ ವಿಳಾಸ ಕೊಡು. ನಾನೇ ಹೋಗಿ ಹೇಳ್ತೀನಿ." ಲ್ಯಾಬಿನವನು ಚೀಟಿಯ ಮೇಲೆ ಬರೆದು ಕೊಟ್ಟು, "ಅವರಿಗೆ ಆಮೇಲೆ ಹೇಳೋರಂತೆ. ಮೊದಲು ಡಾಕ್ಟರಿಗೆ ಹೇಳಿ" ಎಂದ, ತಲೆ ಎತ್ತದೆ.

ಮನೆಯಲ್ಲಿ ಹೆಂಡತಿ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಅವನು ಗಂಟನ್ನು ಬಿಚ್ಚದೆ ಮೂಲೆಯಲ್ಲಿಟ್ಟ. ಸ್ಟೂಲು ಹಾಕಿಕೊಂಡು ಅಟ್ಟದಿಂದ ಅಪ್ಪನ ಗಾರೆ ಸಾಮಾನಿನ ಪೆಟ್ಟಿಗೆ ಇಳಿಸಿದ. ಕರಣೆ, ಮಟ್ಟಪಲಗೆ, ಅವುಗಳ ಅಡಿಯಲ್ಲಿ ಬಟ್ಟೆಯಲ್ಲಿ ಸುತ್ತಿದ ಗುಂಡು, ಹಸಿರು ಹಿಡಿದ ಹಿತ್ತಾಳೆ. ದಾರ ಕೊಳೆತು ಹೋಗಿತ್ತು. ಅವಳ ಮಷೀನಿನ ಪಕ್ಕದಿಂದ ಕಪ್ಪು ದಾರದ ಉಂಡೆ ತೆಗೆದುಕೊಂಡು ನಾಲ್ಕೆಳೆ ಮಾಡಿ ಕಟ್ಟಿದ. ಒಳಬಾಗಿಲ ನೆತ್ತಿಯಲ್ಲಿ ಆವತ್ತಿನ ಮೊಳೆ ಬಣ್ಣದ ಅಡಿಯಲ್ಲಿ ಹಾಗೇ ಇತ್ತು.

"ಏನ್ರೀ ಇದು," ಪಿನ್ನುಗಳ ನಡುವಿನಿಂದ ಅವಳೆಂದಳು, "ಕಂಪ್ಯೂಟರ್ ತಗೊಂಡು ಹೋದೋರು ಗಾರೆ ಕೆಲಸ ಕಲ್ಕೊಂಡು ಬಂದ್ರಾ?"

ಗುಂಡನ್ನು ಅಂಗೈಯಿಂದ ಹಿಡಿದು ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದೆ ಬಂದು, ಅಮ್ಮ ನಿಂತಿದ್ದ ಜಾಗದಲ್ಲಿ ನಿಂತ. ಕಿಟಕಿ ಮುಚ್ಚಿತ್ತು, ಗಾಳಿಯಿರಲಿಲ್ಲ. ಎಡಗಣ್ಣನ್ನು ಕೈಯಿಂದ ಮುಚ್ಚಿ ದಾರದ ನಡುವನ್ನು ನೋಡಿದ. ಮೇಲೆ ನೆಟ್ಟಗಿತ್ತು. ನಡುವೆ, ಯಾರೋ ಬೆರಳಿನಿಂದ ಮೀಟಿ ಹಿಡಿದಂತೆ ಪಕ್ಕಕ್ಕೆ ಬಾಗಿತ್ತು, ಒಂದಂಗುಲದಷ್ಟು ಇರಲೇ ಇಲ್ಲ. ಕೆಳಗೆ ಗುಂಡು ಇದ್ದಲ್ಲೇ ಇತ್ತು. ಅಮ್ಮ ಹೇಳಿದ್ದರಲ್ಲಿ ಒಂದು ಅಕ್ಷರವೂ ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು.

"ಅಮ್ಮ ಹೇಳಿದ್ದು ನಿಜ ಕಣೆ" ಎಂದ. "ಗುಂಡು ಸರಿಯಾಗಿದೆ. ದಾರ ಡೊಂಕು."

ಅವಳು ಪ್ಯಾಂಟನ್ನು ಮಡಿಲಿಗಿಳಿಸಿದಳು. ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಪ್ಯಾಂಟಿಗೆ ಚುಚ್ಚಿದಳು. ಅವಳು ಆ ಮನೆಗೆ ಬಂದ ಹೊಸತರಲ್ಲೇ ಆ ತಮಾಷೆ ಕೇಳಿದ್ದಳು, ಅತ್ತೆಯ ಕೈಹಿಡಿದು ನಡೆಸಿದವಳೂ ಅವಳೇ.

"ಯಾವ ಕಣ್ಣು?"

"ಬಲಗಣ್ಣು."

"ಎಷ್ಟು ದಿನ ಆಯ್ತು?"

ನಾಲ್ಕೈದು ದಿನ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. "ಏಳು ವಾರ" ಎಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. "ಈಗ ಅದಕ್ಕೆ ಕಣ್ಣಿಗೇ ಸೂಜಿ ಹಾಕ್ತಾರಂತೆ" ಎಂದು ಅವನೇ ಹೇಳಿದ, ಅಷ್ಟನ್ನು ಓದಿಕೊಂಡಿದ್ದನೆಂದು ಒಪ್ಪಿದಂತೆ. "ಹಾಕಲಿ" ಎಂದಳು ಅವಳು. "ದರ್ಜಿ ಮನೇಲಿ ಇದ್ಕೊಂಡು ಸೂಜಿಗೆ ಹೆದರ್ತೀರಾ?" ಎದ್ದು, ಮಡಿಲಲ್ಲಿದ್ದ ದಾರದ ಚೂರುಗಳನ್ನು ಕೊಡವಿ, ಚಪ್ಪಲಿ ಮೆಟ್ಟಿದಳು. ಬಾಗಿಲು ದಾಟುವಾಗ ಅವಳ ಭುಜ ತಾಗಿ ಗುಂಡು ತೂಗಾಡತೊಡಗಿತು. ಅವನು ಎರಡೂ ಕಣ್ಣು ತೆರೆದು ಅದನ್ನು ಹಿಡಿದು ನಿಲ್ಲಿಸಲು ಕೈ ಚಾಚಿದ. ಅಪ್ಪ ಯಾವಾಗಲೂ ಹಾಗೆ ಮಾಡುತ್ತಿದ್ದ, ಆಡುತ್ತಿರುವ ಗುಂಡನ್ನು ಬಿಟ್ಟು ಹೋಗುತ್ತಿರಲಿಲ್ಲ.

"ಬಿಡಿ," ಅವಳು ಹೊರಗಿನಿಂದ ಕರೆದಳು, "ಅದು ತಾನಾಗೇ ನಿಲ್ಲುತ್ತೆ. ನೀವು ಬನ್ನಿ."